ರೈಲಿನಲ್ಲಿ ದಾರಿ ತೋರಿದ ಅಕ್ಕನಿಗೆ

ಮಂಡ್ಯದಿಂದ ಮೈಸೂರಿಗೆ ಹೊರಟಿದ್ದ ರೈಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಕ್ಕ, ನಿಮ್ಮ ಹೆಸರು ಕೇಳುವಷ್ಟರಲ್ಲಿ ನಿಲ್ದಾಣ ಬಂದುಬಿಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

3 ವರ್ಷದ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಆರೈಕೆ) ಡಿಪ್ಲೊಮಾ ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು, ವಾರ್ಡಿನಲ್ಲೇ ವರ್ಷಗಳನ್ನು ಕಳೆದವಳು ನಾನು. ಪದವಿ ಬೇಕೆಂದರೆ ಮೊದಲಿನಿಂದ 4 ವರ್ಷ ಓದಬೇಕು ಎಂದೇ ಸುತ್ತಲಿನವರು ಹೇಳುತ್ತಿದ್ದರು. ನಮ್ಮಂಥ ನೋಂದಾಯಿತ ನರ್ಸುಗಳಿಗೆಂದೇ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಇದೆ ಎಂದು ಬಿಡಿಸಿ ಹೇಳಿದವರು ನೀವು. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಪಿಯುಸಿ ಅಂಕಪಟ್ಟಿ, ಡಿಪ್ಲೊಮಾ ಪ್ರಮಾಣಪತ್ರ, ನೋಂದಣಿ ಪತ್ರ ಎಂದು ಬೇಕಾದ ದಾಖಲೆಗಳನ್ನೆಲ್ಲ ಕೈಯಾರೆ ಬರೆದುಕೊಟ್ಟಿರಿ. “ರಾತ್ರಿ ಪಾಳಿ ಮಾಡಿದವಳಿಗೆ ಓದು ಭಾರವಲ್ಲಮ್ಮ” ಎಂದಿರಿ. ಆ ಮಾತಿನ ಬಲ ಎಷ್ಟೆಂದು ನಿಮಗೆ ಗೊತ್ತಿರಲಾರದು.

ಈಗ ನಾನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಸಂಖ್ಯಾಶಾಸ್ತ್ರ ಕಷ್ಟವೇ, ನಿಜ. ಆದರೆ ಹಾಸಿಗೆ ಹುಣ್ಣಾಗದಂತೆ ರೋಗಿಯ ಮಗ್ಗುಲು ಬದಲಿಸುವುದು ನನ್ನ ಕೈಗೆ ಮೊದಲೇ ಗೊತ್ತಿತ್ತು; ಅದರ ಹಿಂದಿನ ಸಂಶೋಧನೆಯನ್ನು ಈಗ ಓದುತ್ತಿದ್ದೇನೆ. ಎಂಥ ಸಂತೋಷ ಅದು!

ನೀವು ಯಾವ ಆಸ್ಪತ್ರೆಯವರೋ, ಯಾವ ಕಾಲೇಜಿನವರೋ ತಿಳಿಯದು. ನಮ್ಮ ವಾರ್ಡಿನ ಇನ್ನಿಬ್ಬರು ಈ ವರ್ಷ ಅರ್ಜಿ ಹಾಕುತ್ತಿದ್ದಾರೆ. ಅವರ ಪರವಾಗಿಯೂ ನಿಮಗೆ ಮನಃಪೂರ್ವಕ ವಂದನೆ, ಅಕ್ಕ.