ಹಳೆಯ ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂದು ತಪ್ಪು ಹೇಳಿ ಹಣ ಪಡೆದಿರುವ ಬಗ್ಗೆ ದೂರು

ತೀರ್ಥಹಳ್ಳಿ
ದಿನಾಂಕ: 19-08-2019

ಇವರಿಗೆ,
ವ್ಯವಸ್ಥಾಪಕರು,
ಕಂಪ್ಯೂಟರ್ ಮಾರಾಟ ಮತ್ತು ಸೇವಾ ಕೇಂದ್ರ,
ಶಿವಮೊಗ್ಗ

ಮಾನ್ಯರೇ,

ವಿಷಯ: ವಿಂಡೋಸ್ ಎಕ್ಸ್‌ಪಿ ಇರುವ ನಮ್ಮ ಡಿಸ್ಕನ್ನು ಬೇರೆ ಯಂತ್ರದಲ್ಲಿ ಚಾಲೂ ಮಾಡಿಕೊಡದೆ ಪಡೆದ ಮೊತ್ತವನ್ನು ಹಿಂದಿರುಗಿಸುವ ಬಗ್ಗೆ.

ಕಳೆದ ಜೂನ್ 18ರ ರಾತ್ರಿ ಗುಡುಗು ಮಳೆಯಲ್ಲಿ ಕರೆಂಟು ಎರಡು ಬಾರಿ ಹೋಗಿ ಬಂದು, ಮೂರನೆಯ ಬಾರಿ ಬಂದಾಗ ನಮ್ಮ ಮುದ್ರಣಾಲಯದ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. 2006ರಲ್ಲಿ ಕೊಂಡ ಆ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ 7.0 ಮತ್ತು ಒಂದು ಕನ್ನಡ ಫಾಂಟ್ ತಂತ್ರಾಂಶ ಇದ್ದವು. ಈ ತಂತ್ರಾಂಶಕ್ಕೆ ಬೀಗದಂತಿರುವ ಡಾಂಗಲ್ಲನ್ನು ಕಂಪ್ಯೂಟರಿನಲ್ಲಿ ಪ್ರಿಂಟರಿಗೆಂದು ಇರುವ 25 ರಂಧ್ರಗಳ ಪೋರ್ಟಿಗೆ ಸಿಕ್ಕಿಸದಿದ್ದರೆ ಕನ್ನಡದಲ್ಲಿ ಒಂದಕ್ಷರವನ್ನೂ ಕೀಲಿಸಲು ಬರುವುದಿಲ್ಲ. ಹದಿಮೂರು ವರ್ಷಗಳ ಮದುವೆ ಕರೆಯೋಲೆಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು, ಯಕ್ಷಗಾನ ಮೇಳಗಳ ಕರಪತ್ರಗಳು ಎಲ್ಲವೂ ಆ ಒಂದು ಡಿಸ್ಕಿನಲ್ಲಿವೆ. ಅವು ಯುನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಇಲ್ಲದ ಕಾರಣ ಆ ಫಾಂಟುಗಳಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಚುಕ್ಕೆ, ಕೊಂಬು, ಬಾಲಗಳಿರುವ ರೋಮನ್ ಅಕ್ಷರಗಳ ಸಾಲುಗಳು ಕಾಣಿಸಿಕೊಳ್ಳುತ್ತವೆ.

ಇದನ್ನೆಲ್ಲ ನಾನು ಜೂನ್ 21ರಂದು ಯಂತ್ರವನ್ನು ಬಸ್ಸಿನಲ್ಲಿ ಹೊತ್ತು ತಂದ ದಿನವೇ ತಮ್ಮ ಸಿಬ್ಬಂದಿಗೆ ಹೇಳಿದ್ದೆ. ‘ಇನ್ನೂ ಎಕ್ಸ್‌ಪಿ ಇಟ್ಕೊಂಡಿದೀರಾ ಸಾರ್?’ ಎಂದು ಒಬ್ಬರು ನಕ್ಕರು. ಅದರ ತಯಾರಕರು 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿದ್ದು ನನಗೂ ಗೊತ್ತಿದೆ, ಆ ಕಾರಣಕ್ಕೇ ಆ ಯಂತ್ರಕ್ಕೆ ಅಂದಿನಿಂದ ಇಂಟರ್‌ನೆಟ್ ಕೊಟ್ಟಿಲ್ಲ. ನಮ್ಮ ಹಿಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ ಇವತ್ತಿಗೂ ಇದೆ, ಬೇಕಾದಾಗ ರಸೀದಿಗೆ ನಂಬರು ಹೊಡೆಯುತ್ತದೆ. ಹಳೆಯದು ಎಂಬುದು ಕೆಲಸ ಮಾಡದಿರುವುದಕ್ಕೆ ಕಾರಣವಾಗಬಾರದು ಎಂದಷ್ಟೇ ನಾನು ಅವರಿಗೆ ಹೇಳಿದೆ. ತಮ್ಮಲ್ಲಿದ್ದ ಒಂದು ಸೆಕೆಂಡ್ ಹ್ಯಾಂಡ್ ಯಂತ್ರವನ್ನು 11,500 ರೂಪಾಯಿಗೆ ಕೊಂಡು, ‘ಹಳೆಯ ಡಿಸ್ಕನ್ನು ಇದ್ದಂತೆಯೇ ಇದರಲ್ಲಿ ಚಾಲೂ ಮಾಡಿಕೊಡುವುದು, ಫಾರ್ಮ್ಯಾಟ್ ಮಾಡಬಾರದು, ಪ್ರಿಂಟರ್ ಪೋರ್ಟ್ ಬೇಕು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಕೆಲಸದ ಕೂಲಿ 1,200 ರೂಪಾಯಿಯನ್ನೂ ಮುಂಗಡವಾಗಿ ಕೊಟ್ಟೆ.

ಜೂನ್ 28ರಂದು ತಮ್ಮ ತಂತ್ರಜ್ಞರು ಫೋನು ಮಾಡಿ, ‘ಡಿಸ್ಕ್ ಹೋಗಿದೆ ಸಾರ್, ಬ್ಲೂ ಸ್ಕ್ರೀನ್ ಬರ್ತಿದೆ, ಡೇಟಾ ರಿಕವರಿ ಮಾಡ್ಬೇಕು, 4,800 ಆಗುತ್ತೆ’ ಎಂದರು. ಸಾಕ್ಷಿಗೆ ಪರದೆಯ ಫೋಟೋ ಒಂದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರು. ಹದಿಮೂರು ವರ್ಷದ ದುಡಿಮೆ ಹೋಯಿತೆಂಬ ಗಾಬರಿಯಲ್ಲಿ ನಾನು ಒಪ್ಪಿಕೊಂಡೆ. ಜುಲೈ 5ರಂದು ನನಗೆ ಸಿಕ್ಕಿದ್ದು ಹೊಸದಾಗಿ ವಿಂಡೋಸ್ 10 ಹಾಕಿದ ಯಂತ್ರ, ನಮ್ಮ ಫೋಲ್ಡರುಗಳನ್ನು ತುಂಬಿದ ಬೇರೊಂದು ಡಿಸ್ಕ್, ಮತ್ತು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ, ಮೇಲೆ ‘ಡೆಡ್’ ಎಂದು ಬರೆದ ನಮ್ಮ ಹಳೆಯ ಡಿಸ್ಕ್. ಊರಿಗೆ ತಂದು ಒಂದು ಕರೆಯೋಲೆಯ ಫೈಲನ್ನು ತೆರೆದರೆ ವರನ ಹೆಸರೂ ಇಲ್ಲ, ವಧುವಿನ ಹೆಸರೂ ಇಲ್ಲ, ಮೇಲೆ ಹೇಳಿದ ಚುಕ್ಕೆ ಬಾಲಗಳಷ್ಟೇ ಇದ್ದವು.

ನನ್ನ ದೂರಿನ ತಿರುಳು ತಾವು ಕಳಿಸಿದ ಆ ಫೋಟೋದಲ್ಲೇ ಇದೆ. ಅದರಲ್ಲಿ 7ಬಿ ಎಂದು ಕೊನೆಗೊಳ್ಳುವ ಸ್ಟಾಪ್ ಸಂಖ್ಯೆ (ವಿಂಡೋಸ್ ಏಕೆ ನಿಂತಿತೆಂದು ಹೇಳುವ ಸಂಖ್ಯೆ) ಸ್ಪಷ್ಟವಾಗಿ ಕಾಣುತ್ತದೆ. ಆ ಸಂಖ್ಯೆಯ ಹೆಸರೇ ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’. ಅಂದರೆ ವಿಂಡೋಸ್ ಅರ್ಧ ಎದ್ದ ಮೇಲೆ, ತಾನು ಎದ್ದು ಬಂದ ಡಿಸ್ಕನ್ನು ಹೊಸ ಮದರ್‌ಬೋರ್ಡಿನ ಮೂಲಕ ಓದಲು ಬೇಕಾದ ಡ್ರೈವರ್ (ಯಂತ್ರದ ಭಾಗವನ್ನು ನಡೆಸುವ ಸಣ್ಣ ತಂತ್ರಾಂಶ) ತನ್ನಲ್ಲಿಲ್ಲ ಎನ್ನುತ್ತಿದೆ. ಆ ನೀಲಿ ಪರದೆಯನ್ನು ತೋರಿಸಿದ್ದೇ ಆ ಡಿಸ್ಕಿನಿಂದ ಲೋಡಾದ ವಿಂಡೋಸ್ ಆಗಿರುವಾಗ ಡಿಸ್ಕ್ ಸತ್ತಿದೆ ಎನ್ನಲು ಹೇಗೆ ಬರುತ್ತದೆ? ಮೇಲಾಗಿ, ಸತ್ತಿದ್ದ ಡಿಸ್ಕಿನಿಂದ ಒಂದು ಫೈಲೂ ಬಿಡದಂತೆ ಎಲ್ಲವನ್ನೂ ತೆಗೆದುಕೊಟ್ಟಿದ್ದೀರಿ. ಅದು ರಿಕವರಿಯಲ್ಲ, ಬರೀ ಕಾಪಿ.

ಭೀಮನ ಅಮಾವಾಸ್ಯೆಗೆ ಮನೆಗೆ ಬಂದಿದ್ದ ನನ್ನ ಅಕ್ಕನ ಮಗ ಫೋಟೋ ನೋಡಿದವನೇ, ‘ಮಾವ, ಡಿಸ್ಕಿಗೆ ಏನೂ ಆಗಿಲ್ಲ’ ಎಂದ. ಅವನು ಮೊದಲು ‘ಡೆಡ್’ ಎಂದು ಬರೆದಿದ್ದ ಡಿಸ್ಕಿನ ಯಥಾವತ್ತು ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡ. ಅಸಲು ಡಿಸ್ಕಿಗೆ ಕೈ ಹಚ್ಚಬಾರದೆಂಬ ಈ ಒಂದು ಎಚ್ಚರಿಕೆಯನ್ನು ತಮ್ಮಲ್ಲಿ ಯಾರೂ ತೋರಿರಲಿಲ್ಲ. ಆಮೇಲೆ ಯಂತ್ರದ ಬಯೋಸಿಗೆ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗಿಗೆ) ಹೋಗಿ, ಬೋರ್ಡು ಡಿಸ್ಕಿನೊಂದಿಗೆ ಮಾತಾಡುವ ವಿಧಾನವನ್ನು ಹೊಸ ಬಗೆಯ ಎಎಚ್‌ಸಿಐಯಿಂದ ಹಳೆಯ ಬಗೆಯ ಐಡಿಇಗೆ ಬದಲಿಸಿದ, ಏಕೆಂದರೆ ಎಕ್ಸ್‌ಪಿಯಲ್ಲಿ ಎಎಚ್‌ಸಿಐ ಡ್ರೈವರ್ ಇರುವುದಿಲ್ಲ. ಆಗಲೂ ಅದೇ ನೀಲಿ ಪರದೆ ಬಂತು. ಎಕ್ಸ್‌ಪಿ ತನ್ನ ರಿಜಿಸ್ಟ್ರಿಯಲ್ಲಿ, ಅಂದರೆ ಸೆಟ್ಟಿಂಗುಗಳ ದಾಖಲೆಯಲ್ಲಿ, ಹಳೆಯ ಬೋರ್ಡಿನ ಕಂಟ್ರೋಲರನ್ನು (ಡಿಸ್ಕನ್ನು ನಿಯಂತ್ರಿಸುವ ಭಾಗವನ್ನು) ಮಾತ್ರ ನೆನಪಿಟ್ಟುಕೊಂಡಿತ್ತು. ಪ್ರತಿಯನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಆ ರಿಜಿಸ್ಟ್ರಿಯನ್ನು ಹೊರಗಿನಿಂದ ತೆರೆದು, ಸಾಮಾನ್ಯ ಐಡಿಇ ಕಂಟ್ರೋಲರುಗಳ ನಮೂದುಗಳನ್ನು ಸೇರಿಸಿ, ಅವುಗಳ ಡ್ರೈವರುಗಳು ಬೂಟಿನ ಆರಂಭದಲ್ಲೇ ಲೋಡಾಗುವಂತೆ ಮಾಡಿದ. ಮೂರನೆಯ ಬಾರಿ ಯಂತ್ರ ಚಾಲೂ ಮಾಡಿದಾಗ ನನಗೆ ಹದಿಮೂರು ವರ್ಷದ ಪರಿಚಯವಿರುವ ಹಸಿರು ಗುಡ್ಡ, ನೀಲಿ ಆಕಾಶದ ಪರದೆ ಒರಟೊರಟಾದ ಬಣ್ಣಗಳಲ್ಲಿ ಮೂಡಿತು. ಹಳೆಯದು ಹೊಸದು ಎರಡೂ ಇಂಟೆಲ್ ಪ್ರೊಸೆಸರ್ ಆಗಿದ್ದರಿಂದ ಬೇರೆ ತೊಡಕು ಬರಲಿಲ್ಲ. ಬೋರ್ಡಿನ ಮತ್ತು ಡಿಸ್‌ಪ್ಲೇಯ ಡ್ರೈವರುಗಳನ್ನು ಹಾಕಿ, ಯಂತ್ರ ಬದಲಾದ ಕಾರಣಕ್ಕೆ ವಿಂಡೋಸ್ ಮತ್ತೆ ಕೇಳಿದ ಆ್ಯಕ್ಟಿವೇಶನ್ನನ್ನು (ಅಸಲಿ ಪ್ರತಿಯೆಂಬ ದೃಢೀಕರಣವನ್ನು) ಫೋನಿನಲ್ಲಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ನಮ್ಮ ಎಕ್ಸ್‌ಪಿ ಯಂತ್ರದೊಂದಿಗೆ ಬಂದ ಪ್ರತಿಯಲ್ಲ, ಬೇರೆಯಾಗಿ ಪೆಟ್ಟಿಗೆಯಲ್ಲಿ ಕೊಂಡದ್ದು. ಆದ್ದರಿಂದ ಅದಕ್ಕೂ ಅಡ್ಡಿಯಾಗಲಿಲ್ಲ.

ಈಗ ಹಳೆಯ ಫೈಲುಗಳೆಲ್ಲ ಅಚ್ಚುಕಟ್ಟಾಗಿ ತೆರೆಯುತ್ತಿವೆ. ಆದರೆ ಜಾಬ್ ಕಾರ್ಡಿನಲ್ಲಿ ಬರೆಸಿದ್ದರೂ ತಾವು ಕೊಟ್ಟ ಯಂತ್ರಕ್ಕೆ ಪ್ರಿಂಟರ್ ಪೋರ್ಟ್ ಇಲ್ಲ. ಅದರ ಬದಲಿಗೆ ಕೊಟ್ಟಿರುವ ಯುಎಸ್‌ಬಿ ಕನ್ವರ್ಟರ್ ಕೇಬಲ್ ಪ್ರಿಂಟರನ್ನು ಓಡಿಸುತ್ತದೆಯೇ ಹೊರತು ಡಾಂಗಲ್ಲನ್ನು ಗುರುತಿಸುವುದಿಲ್ಲ, ಏಕೆಂದರೆ ಡಾಂಗಲ್ ನಿಜವಾದ ಪೋರ್ಟಿನೊಂದಿಗೆ ನೇರವಾಗಿ ಮಾತಾಡುವಂಥದ್ದು. ಹೀಗಾಗಿ ಹಳೆಯ ಕರೆಯೋಲೆಯಲ್ಲಿ ಒಂದು ಹೆಸರು ತಿದ್ದಬೇಕಾದರೂ ದಾರಿಯಿಲ್ಲ. ಮಹಾಸಭೆಯ ವರದಿಗಳ ಕಾಲವಾದ ಈ ತಿಂಗಳಲ್ಲಿ ನಮ್ಮ ಕಾಯಂ ಗಿರಾಕಿಯಾದ ಒಂದು ಸಂಘದ ವರದಿಯ ಕೆಲಸ ಶಿವಮೊಗ್ಗದ ಪ್ರೆಸ್ಸಿಗೆ ಹೋಯಿತು. ಆ ನಷ್ಟವನ್ನು ನಾನು ತಮ್ಮಿಂದ ಕೇಳುತ್ತಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಮಾಡದ ರಿಕವರಿಗೆ ಪಡೆದ 4,800 ರೂಪಾಯಿ ಮತ್ತು ಮಾಡದ ಕೆಲಸಕ್ಕೆ ಪಡೆದ 1,200 ರೂಪಾಯಿ, ಒಟ್ಟು 6,000 ರೂಪಾಯಿಯನ್ನು ಹಿಂದಿರುಗಿಸಬೇಕು. ಬೋರ್ಡಿನಲ್ಲೇ ಪ್ರಿಂಟರ್ ಪೋರ್ಟ್ ಇರುವ ಯಂತ್ರಕ್ಕೆ ಬದಲಿಸಿಕೊಡಬೇಕು, ಇಲ್ಲವೇ ಆ ಪೋರ್ಟ್ ಇರುವ ಕಾರ್ಡನ್ನು ಬೋರ್ಡಿಗೆ ಹಾಕಿ, ನನ್ನ ಎದುರಿನಲ್ಲಿ ಡಾಂಗಲ್ ಸಿಕ್ಕಿಸಿ ಕನ್ನಡದಲ್ಲಿ ಒಂದು ಸಾಲು ಕೀಲಿಸಿ ತೋರಿಸಬೇಕು. ಎಲ್ಲ ಕಾರ್ಡುಗಳಲ್ಲೂ ಡಾಂಗಲ್ ನಡೆಯುವುದಿಲ್ಲವಾದ್ದರಿಂದ ಈ ಪರೀಕ್ಷೆ ಆಗಲೇಬೇಕು. ಬದಲಿ ಯಂತ್ರ ಕೊಡುವುದಾದರೆ ಅದರ ಬಯೋಸಿನಲ್ಲಿ ಐಡಿಇ ಆಯ್ಕೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈ ತಿಂಗಳ ಮೊದಲ ವಾರದ ಮಳೆಯಲ್ಲಿ ಓಡಾಟ ಕಷ್ಟವಾಗಿ ಈ ಪತ್ರ ತಡವಾಗಿದೆ. ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಸಲ್ಲಿಸುತ್ತೇನೆ. ‘ಡೆಡ್’ ಎಂದು ತಮ್ಮವರು ಬರೆದಿರುವ ಡಿಸ್ಕನ್ನು ಆ ಬರಹ ಅಳಿಸದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮುದ್ರಣಾಲಯದ ಮಾಲೀಕ, ತೀರ್ಥಹಳ್ಳಿ

ಲಗತ್ತು: ಜಾಬ್ ಕಾರ್ಡ್ ಮತ್ತು ಮೂರು ರಸೀದಿಗಳ ನಕಲು, ಜೂನ್ 28ರ ಫೋಟೋದ ಮುದ್ರಿತ ಪ್ರತಿ.