ಫ್ಯಾಂಟಸಿ ಪ್ರೇಮಕಥೆಗೆ ಒಳ್ಳೆಯ ದನಿ ಸಿಗಲಿ

ಮಾನ್ಯ ಸಂಪಾದಕರೇ,

ಪ್ರೇಮವೂ ಮಾಯಾಲೋಕವೂ ಬೆರೆತ ಕಾದಂಬರಿಗಳು ಬರೀ ಹೊತ್ತು ಕಳೆಯುವ ಸರಕೆಂದೂ, ಅವನ್ನು ಆಡಿಯೊ ಬುಕ್‌ನಲ್ಲಿ ಕೇಳಿದರೆ ಅದು ಓದಿನ ಲೆಕ್ಕಕ್ಕೆ ಬರುವುದಿಲ್ಲವೆಂದೂ ಹೇಳುವವರು ಸಾಹಿತ್ಯಾಸಕ್ತರಲ್ಲಿ ಕಡಿಮೆಯಿಲ್ಲ. ಈ ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಇಂಥ ಕಥೆಗಳು ಕೇಳಲಿಕ್ಕೇ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅನುಭವ. ಕನ್ನಡ ಪ್ರಕಾಶಕರು ಅವನ್ನು ಒಳ್ಳೆಯ ದನಿಯಲ್ಲಿ ಹೊರತರಬೇಕೆಂಬುದು ನನ್ನ ಕೋರಿಕೆ.

ಇತ್ತೀಚೆಗೆ ಸಂಜೆಹೊತ್ತು ಕೌದಿ ಹೊಲಿಯುತ್ತ ನಮ್ಮ ಅತ್ತೆಯವರೂ ನಾನೂ ಇಂಥದೊಂದು ಕಾದಂಬರಿಯನ್ನು ಮೊಬೈಲಿನಲ್ಲಿ ಕೇಳಿ ಮುಗಿಸಿದೆವು. ಕಣ್ಣಿನ ಪೊರೆಯಿಂದಾಗಿ ಅವರು ಸಣ್ಣ ಅಕ್ಷರ ಓದುವುದನ್ನು ಬಿಟ್ಟು ಬಹಳ ಕಾಲವಾಗಿದೆ. ಕಥೆಯ ನಾಯಕ ಬೇರೊಂದು ಲೋಕದವನು. ನಾಯಕಿ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದ ಗಳಿಗೆಯಲ್ಲೇ ಅವನು ತನ್ನ ಲೋಕಕ್ಕೆ ಮರಳಬೇಕೆಂಬ ಶಾಪವಿದೆ. ಅಚ್ಚಿನ ಪುಟದಲ್ಲಾದರೆ ಆ ಸಂಕಟ ನಾಲ್ಕು ಚುಕ್ಕಿಗಳಲ್ಲಿ ದಾಟಿಹೋಗುತ್ತಿತ್ತು. ಆದರೆ ಕಾದಂಬರಿಯನ್ನು ಓದಿದ ಕಲಾವಿದೆ, ಹೆಸರು ಬರಬೇಕಾದ ಕಡೆಯಲ್ಲೆಲ್ಲ ಉಸಿರನ್ನು ಒಳಗೆಳೆದುಕೊಂಡು, ಮೊದಲಕ್ಷರ ತುಟಿಯವರೆಗೆ ಬಂದಿತೆನ್ನುವಾಗ ತಡೆದು, ಬೇರೆ ಮಾತಿಗೆ ಹೊರಳುತ್ತಾರೆ. ಆ ತಡೆಯಲ್ಲಿ ಅತ್ತೆಯವರ ಸೂಜಿಯೂ ನಿಲ್ಲುತ್ತಿತ್ತು. ಮುಂದೆ ನಾಯಕಿ ಅವನ ಹೆಸರನ್ನು ಪದ್ಯದೊಳಗೆ ಅಡಗಿಸಿ ಕರೆಯುವ ಪ್ರಸಂಗ ಬಂದಾಗ ಅವರು ‘ಅಯ್ಯ, ಇದು ನಮ್ಮ ಒಡಪಲ್ಲೇನವಾ!’ ಎಂದು, ತಮ್ಮ ಮದುವೆಯಲ್ಲಿ ಹೇಳಿದ ಒಡಪನ್ನು ತಡವರಿಸದೆ ಹೇಳಿಬಿಟ್ಟರು. ಗಂಡನ ಹೆಸರನ್ನು ನೇರವಾಗಿ ಹೇಳದೆ ಪದ್ಯ ಕಟ್ಟಿ ಹೇಳುವ ಪದ್ಧತಿಯಲ್ಲಿ ಬೆಳೆದವರಿಗೆ ಆ ಮಾಯಾಲೋಕ ಅಪರಿಚಿತವೆನಿಸಲೇ ಇಲ್ಲ.

ಪ್ರೇಮಕ್ಕೆ ಅದ್ಭುತದ ಹಿನ್ನೆಲೆ ಒದಗಿಸುವುದು ಕನ್ನಡಕ್ಕೆ ಹೊಸತೂ ಅಲ್ಲ. 12ನೇ ಶತಮಾನದ ನೇಮಿಚಂದ್ರನ ‘ಲೀಲಾವತಿ ಪ್ರಬಂಧ’ದಲ್ಲಿ ಕಂದರ್ಪ ಮತ್ತು ಲೀಲಾವತಿ ಒಬ್ಬರನ್ನೊಬ್ಬರು ಮೊದಲು ಕಾಣುವುದೇ ಕನಸಿನಲ್ಲಿ, ಕಂದರ್ಪನ ಊರಾದ ಜಯಂತಿಪುರವೆಂದರೆ ಹಾವೇರಿಗೆ ದೂರವಲ್ಲದ ಬನವಾಸಿ. ಇನ್ನು ಕೇಳುವ ವಿಷಯಕ್ಕೆ ಬಂದರೆ, ಕುಮಾರವ್ಯಾಸನ ಗದುಗಿನ ಭಾರತವನ್ನು ಎಷ್ಟೋ ತಲೆಮಾರಿನ ಜನ ಗಮಕಿಗಳ ಬಾಯಿಂದ ಕೇಳಿಯೇ ತಮ್ಮದಾಗಿಸಿಕೊಂಡರು. ಅವರು ಕಾವ್ಯವನ್ನು ಅರಿಯದವರೆಂದು ಈ ಊರಿನಲ್ಲಿ ನಿಂತು ಹೇಳಲಾದೀತೇ?

ಹೀಗಿರುವಾಗ ಈಚೆಗೆ ಕೆಲವು ಆಡಿಯೊ ಬುಕ್‌ಗಳನ್ನು ಕಂಪ್ಯೂಟರ್ ದನಿಯಲ್ಲಿ ಸಿದ್ಧಪಡಿಸುತ್ತಿರುವುದು ಬೇಸರದ ಸಂಗತಿ. ಸುದ್ದಿಯನ್ನೋ ಮಾಹಿತಿಯನ್ನೋ ಹಾಗೆ ಕೇಳಬಹುದು. ಆದರೆ ಕಣ್ಣಿಗೆ ಕಾಣದ, ಭೂಪಟದಲ್ಲಿಯೂ ಇಲ್ಲದ ಒಂದು ರಾಜ್ಯವನ್ನು ಕೇಳುಗರು ನಂಬಬೇಕಾದರೆ ಅವರಿಗಿರುವ ಏಕೈಕ ಆಧಾರ ಓದುವವರ ದನಿ. ಪಿಸುಮಾತಿಗೂ ಗದರಿಕೆಗೂ ಒಂದೇ ಏರಿಳಿತವಾದರೆ ಪ್ರೇಮವೂ ಉಳಿಯುವುದಿಲ್ಲ, ಮಾಯೆಯೂ ಉಳಿಯುವುದಿಲ್ಲ. ಪ್ರತಿ ಭಾವುಕ ಸನ್ನಿವೇಶಕ್ಕೂ ಕೊಳಲು ನುಡಿಸಿ ಮಾತನ್ನೇ ಮುಚ್ಚಿಹಾಕುವ ಅಭ್ಯಾಸವೂ ಅಷ್ಟೇ ಹಾನಿಕರ. 1950ರಿಂದ ಕೇಳಿಬರುತ್ತಿರುವ ಧಾರವಾಡ ಆಕಾಶವಾಣಿಯ ನಾಟಕಗಳಲ್ಲಿ ಪಳಗಿದ ಕಲಾವಿದರೂ, ಬಾಯಿತುಂಬ ಕನ್ನಡ ಮಾತನಾಡುವ ರಂಗಭೂಮಿಯ ಯುವಕ ಯುವತಿಯರೂ ನಮ್ಮ ಭಾಗದಲ್ಲಿದ್ದಾರೆ. ಅವರಿಗೆ ತಕ್ಕ ಸಂಭಾವನೆ ಕೊಟ್ಟು ಓದಿಸಲಿ, ಸಂಭಾಷಣೆಗಳಲ್ಲಿ ನಮ್ಮ ಕಡೆಯ ಮಾತಿಗೂ ಎಡೆಯಿರಲಿ. ಮುಖಪುಟದಲ್ಲಿ ಲೇಖಕರ ಹೆಸರಿನ ಜೊತೆಗೆ ಓದಿದವರ ಹೆಸರನ್ನೂ ಹಾಕಿ, ಕೊಳ್ಳುವ ಮುನ್ನ ಒಂದು ಅಧ್ಯಾಯವನ್ನಾದರೂ ಉಚಿತವಾಗಿ ಕೇಳಲು ಬಿಟ್ಟರೆ, ದನಿ ಹಿಡಿಸಿದ ಮೇಲೆ ಹಣ ಕೊಟ್ಟು ಕೇಳಲು ನಮ್ಮಂಥವರು ಸಿದ್ಧರಿದ್ದೇವೆ.

– ಓದುಗರೊಬ್ಬರು, ಗದಗ