ಕಾರ್ಬೊರೇಟರ್ ತೊಳೆಯುವ ಕೂಲಿ ಬಗ್ಗೆ ನಮ್ಮ ಗಿರಾಕಿಗಳಿಗೆ

ಹಾವೇರಿ

ರೈತ ಬಾಂಧವರಿಗೆ ನಮಸ್ಕಾರ.

ಈ ಕಾರಹುಣ್ಣಿಮೆಯಿಂದ ನಿಮ್ಮ ಪೆಟ್ರೋಲ್ ಇಂಜಿನ್ ಪಂಪಿನ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ತೊಳೆಯುವ ಕೆಲಸ ನಮ್ಮ ಫ್ರೀ ಸರ್ವಿಸಿನಲ್ಲಿ ಇರುವುದಿಲ್ಲ. 150 ರೂಪಾಯಿ ಕೂಲಿ ಬೇರೆ. ರೋಹಿಣಿ ಮಳೆಯ ಗದ್ದಲದಲ್ಲಿ ಕೆಲವರಿಗೆ ಹೇಳದೆ ಬಿಲ್ಲಿಗೆ ಸೇರಿಸಿದ್ದೇವೆ. ಅದು ನಮ್ಮ ತಪ್ಪು. ಬಿಲ್ ತಂದರೆ ಆ ಹಣ ವಾಪಸ್.

ಆದರೆ "ಡೂಪ್ಲಿಕೇಟ್ ಸಾಮಾನು ಹಾಕ್ತೀರಿ, ಅದಕ್ಕ ವರ್ಷ ವರ್ಷಾ ಪಂಪ್ ಕೈ ಕೊಡತೈತಿ" ಅನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ. ಸೀಗೆ ಹುಣ್ಣಿಮೆ ಹೊತ್ತಿಗೆ ಗೋವಿನಜೋಳದ ಕೆಲಸ ಮುಗಿಸಿ, ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ಪಂಪನ್ನು ತಗಡಿನ ಶೆಡ್ಡಿಗೆ ಹಾಕುತ್ತೀರಿ. ಮತ್ತೆ ಕೈ ಹಚ್ಚುವುದು ಏಳೆಂಟು ತಿಂಗಳಿಗೆ. ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಹಗುರ ಭಾಗ ಮೊದಲು ಹಾರಿಹೋಗುತ್ತದೆ, ಹಗ್ಗ ಎಷ್ಟು ಎಳೆದರೂ ಇಂಜಿನ್ ಏಳುವುದಿಲ್ಲ. ಉಳಿದದ್ದು ಗಾಳಿಯ ಆಮ್ಲಜನಕ ಕುಡಿದು ಅಂಟಾಗುತ್ತದೆ. ಇದನ್ನು ತಡೆಯಲು ರಿಫೈನರಿಯಲ್ಲೇ ರಾಸಾಯನಿಕ ಬೆರೆಸಿರುತ್ತಾರೆ, ಆದರೆ ಅದೂ ದಿನ ಕಳೆದಂತೆ ತೀರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗಂತೂ ಇನ್ನೂ ಬೇಗ.

ಹೋದ ವಾರ ಬ್ಯಾಡಗಿ ಕಡೆಯ ಪಂಪೊಂದರಿಂದ ತೆಗೆದ ಪೆಟ್ರೋಲನ್ನು ಬಾಟಲಿಯಲ್ಲಿ ಗಲ್ಲಾ ಪಕ್ಕದಲ್ಲೇ ಇಟ್ಟಿದ್ದೇವೆ. ಬಣ್ಣ ಖಡಕ್ ಚಹಾದ್ದು, ವಾಸನೆ ವಾರ್ನಿಶಿನದು. ಬಂದವರು ನೋಡಿ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತಿನಲ್ಲಿ ಬಟ್ಟೆ ಹೊಲಿಯುವ ಸೂಜಿಯೂ ಹೋಗುವುದು ಕಷ್ಟ, ಅಲ್ಲಿ ಈ ಅಂಟು ಕೂತರೆ ಕಂಪನಿ ಸಾಮಾನಾದರೂ ಒಂದೇ, ಡೂಪ್ಲಿಕೇಟಾದರೂ ಒಂದೇ. ಅದನ್ನು ಬಿಡಿಸಲು ನಮ್ಮ ಹುಡುಗನ ಅರ್ಧ ದಿನ, ಸ್ಪ್ರೇ ಡಬ್ಬಿ, ಹೊಸ ಗ್ಯಾಸ್ಕೆಟ್ ಬೇಕು. ಇಷ್ಟು ವರ್ಷ ಆ ಖರ್ಚು ನಮ್ಮ ಕಿಸೆಯಿಂದಲೇ ಹೋಗಿದೆ, ಬೈಗುಳವೂ ನಮಗೇ ಬಂದಿದೆ.

ಬಂಕಿನವರನ್ನೂ ಸುಮ್ಮನೆ ಬೈಯಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ, ನೀವು ಪೆಟ್ರೋಲಿಗೆ ಬೆರೆಸಿದ ಆಯಿಲ್ ಮಾತ್ರ ಮೇಲೆ ನಿಂತ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟೂ ಸ್ಟ್ರೋಕ್ ಇಂಜಿನ್ ಎಳೆಯುವುದು ತಳದ್ದನ್ನು. ಆಯಿಲ್ ಇಲ್ಲದೆ ಓಡಿ ಪಿಸ್ಟನ್ ಜಾಮ್ ಆದರೆ 150 ರೂಪಾಯಿಗೆ ಮುಗಿಯುವುದಿಲ್ಲ.

ಹಂಗಾಮು ಮುಗಿದ ದಿನ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಆಮೇಲೆ ಇಂಜಿನ್ ಚಾಲೂ ಮಾಡಿ ತಾನಾಗಿ ಬಂದ್ ಆಗುವವರೆಗೆ ಬಿಡಿ. ಕಾರ್ಬೊರೇಟರಿನಲ್ಲಿ ಉಳಿದದ್ದೂ ತೀರಬೇಕು. ಹೀಗೆ ಇಟ್ಟವರಿಗೆ ಈ ಕೂಲಿ ಇಲ್ಲ. ಹೀಗೆ ಖಾಲಿ ಮಾಡಲು ಬರದಿದ್ದರೆ ಸೀಗೆ ಹುಣ್ಣಿಮೆ ವಾರ ಪಂಪ್ ತನ್ನಿ, ಪುಕ್ಕಟೆ ಖಾಲಿ ಮಾಡಿಕೊಡುತ್ತೇವೆ, ಚಹಾನೂ ಕುಡಿಸುತ್ತೇವೆ. ಬಾಟಲಿಯದ್ದಲ್ಲ.

ನಿಮ್ಮ ಪಂಪ್ ರಿಪೇರಿ ಅಂಗಡಿಯವರು